ಹೊಳೆಯುವ ಬಣ್ಣದ ಅಡಿಯಲ್ಲಿ

ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗನಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಮನಸ್ಸಿಗೆ ಹಿಡಿಸಿತು. 'ಸ್ವಲ್ಪ ಟಿಂಕರಿಂಗ್ ಕೆಲಸ ಇದೆ, ಅಷ್ಟೇ' ಎಂದ ಬ್ರೋಕರ್. ದುಡ್ಡು ಸಾಲದಾಗ ಮನೆಯವರ ಕಣ್ಣು ಹೋದದ್ದು ತಾಯಿಯ ಬಳೆಗಳ ಮೇಲೆ. ಕಿರಿಮಂಜೇಶ್ವರದಲ್ಲಾಗಲಿ ನಾವುಂದದಲ್ಲಾಗಲಿ ಇಂತಹ ಮನೆಗಳು ಅಪರೂಪವೇನಲ್ಲ. ಬಳೆ ಬಿಚ್ಚಿ ಕೊಡುವವಳಿಗೆ ಗಾಡಿಯನ್ನು ಒಮ್ಮೆ ನೋಡುವ ಹಕ್ಕಾದರೂ ಬೇಡವೇ? ಸಹೋದರಿಯರೇ, 'ಇದು ಗಂಡಸರ ವಿಷಯ' ಎಂದು ಒಳಗೆ ಹೋಗಬೇಡಿ.

ಗಾಡಿಯನ್ನು ಹಗಲು ಬೆಳಕಿನಲ್ಲಿ, ತೊಳೆದು ಒಣಗಿದ ಮೇಲೆ ನೋಡಿ. ಬಾಗಿಲು ಮತ್ತು ಬಾನೆಟ್ಟಿನ ಸಂದುಗಳು ಎರಡೂ ಬದಿಯಲ್ಲಿ ಒಂದೇ ಸಮನಾಗಿರಬೇಕು. ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಹನಿ ಬಿದ್ದಿದ್ದರೆ ಪೇಂಟಿಂಗ್ ಆಗಿದೆ ಎಂದೇ ಅರ್ಥ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ತಗಡಿಗೆ ಹಿಡಿಯುತ್ತದೆ, ದಪ್ಪ ಪುಟ್ಟಿ ಮೆತ್ತಿದಲ್ಲಿ ಹಿಡಿಯದು. ಬಂಪರಿಗೆ ಈ ಉಪಾಯ ನಡೆಯದು, ಅದು ಪ್ಲಾಸ್ಟಿಕ್. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ತಗಡು ಸುಕ್ಕುಗಟ್ಟಿದೆಯೇ, ಹೊಸ ವೆಲ್ಡಿಂಗ್ ಇದೆಯೇ ಎಂದು ನೋಡಿ. ಇದ್ದರೆ ಹಿಂದಿನಿಂದ ಬಲವಾದ ಪೆಟ್ಟು ಬಿದ್ದಿರಬೇಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ನೆರೆನೀರಿನಲ್ಲಿ ಮುಳುಗಿದ ಕಾರಿನ ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ.

ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದ ಪ್ರವಾದಿ(ಸ)ಯವರಿಗೆ ಒಳಗಿನ ಒದ್ದೆ ತಗುಲಿತು. ಅದನ್ನು ಗಿರಾಕಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಕೇಳಿದರು. ಪುಟ್ಟಿ ಮೆತ್ತಿದ ಕಾರಿನ ಎದುರು ನಿಂತಾಗ ನನಗೆ ನೆನಪಾಗುವುದು ಆ ರಾಶಿ.

ನಮ್ಮ ಕರಾವಳಿಯಲ್ಲಿ ಸಣ್ಣ ಗೀರೂ ಸಣ್ಣದಾಗಿ ಉಳಿಯುವುದಿಲ್ಲ. ತ್ರಾಸಿ-ಮರವಂತೆಯಲ್ಲಿ ಸಮುದ್ರ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ಇದೆ. ಬಣ್ಣ ಎದ್ದ ತಗಡಿಗೆ ಆ ಉಪ್ಪುಗಾಳಿ, ಮೇಲೆ ಮಳೆಗಾಲ ಸೇರಿದರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಫೈಬರ್ ಬಾಡಿಯದ್ದು ಬೇರೆ ಕಥೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಕಂಪೆನಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ತಂದಿತ್ತು. ಅದರ ಮೈ ಫೈಬರ್‌ನದ್ದು, ಎಂಜಿನ್ ರೆನೋದ್ದು. ಫೈಬರ್ ತುಕ್ಕು ಹಿಡಿಯದು, ಆದರೆ ಬಿರುಕು ಬಿಡುತ್ತದೆ, ಅದಕ್ಕೆ ಅಯಸ್ಕಾಂತದ ಪರೀಕ್ಷೆಯೂ ಆಗದು. ತಯಾರಿಕೆ ನಿಂತ ಇಂತಹ ಗಾಡಿಗೆ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಇನ್ನು ಎರಡು ಸೀಟಿನ ಕಾರಿನಲ್ಲಿ ಅತ್ತೆಯನ್ನು ಆಸ್ಪತ್ರೆಗೆ, ಮಕ್ಕಳನ್ನು ಮದುವೆಗೆ ಒಟ್ಟಿಗೆ ಕರೆದೊಯ್ಯುವುದು ಹೇಗೆ? ನೆಲದಿಂದ 12–13 ಸೆಂ.ಮೀ. ಎತ್ತರವಷ್ಟೇ ಇರುವ ಕಾರು ನಮ್ಮ ಒಳರಸ್ತೆಯ ಉಬ್ಬು ದಾಟುವಾಗ ಹೊಟ್ಟೆ ಉಜ್ಜಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಕಾಗದದ ವಿಷಯ. ಮಗ ಹೊರದೇಶದಲ್ಲಿ ಇರುವುದರಿಂದ ಎಷ್ಟೋ ಮನೆಗಳಲ್ಲಿ ಆರ್‌ಸಿ ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿರುತ್ತದೆ. ಮುಂದೆ ಕಾರು ಮಾರುವಾಗ ಅವಳು 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಬ್ರೋಕರ್ ಕೈಗಿತ್ತು ಮರೆತುಬಿಡುತ್ತಾಳೆ. ಕಾರು ಕೈಯಿಂದ ಕೈಗೆ ದಾಟಿದರೂ ಹೆಸರು ಮಾತ್ರ ಅವಳದ್ದೇ. 2009ರಲ್ಲಿ ನಡೆದ ಒಂದು ಅಪಘಾತದ ಪ್ರಕರಣದಲ್ಲಿ ಕಾರು ಹೀಗೆಯೇ ಹಲವರ ಕೈ ದಾಟಿತ್ತು. ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನಗಳಲ್ಲಿ ಹೆಸರು ಬದಲಿಗೆ ಅರ್ಜಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ವಿಮೆಯ ಹೆಸರೂ ಬದಲಾಗಬೇಕು. ಕೇರಳದ ಗಾಡಿಯಾದರೆ ಅಲ್ಲಿನ ಎನ್‌ಒಸಿ ತಂದು ಇಲ್ಲಿ ಮತ್ತೆ ನೋಂದಾಯಿಸಿ ತೆರಿಗೆ ಕಟ್ಟುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮುಂಗಡ ಕೊಡುವ ಮೊದಲು ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ಸಾಲ ಬಾಕಿ ಇದ್ದರೆ, ವಿಮೆ ಮುಗಿದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಬಳಿಕ ಬ್ರೋಕರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಗಾಡಿಯನ್ನು ಮೇಲಕ್ಕೆತ್ತಿಸಿ ಅಡಿಭಾಗ ತೋರಿಸಿಕೊಳ್ಳಿ. ಅದಕ್ಕೆ ಬ್ರೋಕರ್ ಒಪ್ಪದಿದ್ದರೆ ಬಳೆ ಕೈಯಲ್ಲೇ ಇರಲಿ.