ತಿಳಿದರೇ ಮದ್ದು

ಔಷಧ ಕೌಂಟರಿನಲ್ಲಿ ಊರಿನವರು ಸಿಕ್ಕರೆ ಮಾತ್ರೆಯ ವಿವರ ಕನ್ನಡದಲ್ಲೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕೇಳಿ ತಲೆಯಾಡಿಸಿದವರೊಬ್ಬರು ದಿನಕ್ಕೊಂದರ ಮಾತ್ರೆಯನ್ನು ಮೂರು ಹೊತ್ತೂ ನುಂಗಿದ್ದರು.

ದೇವರ ಮಾತೂ ಹಾಗೆಯೇ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲರು ಕನ್ನಡ ಕಲಿತು, ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ಯಲ್ಲಿ (1862) ನಮ್ಮ ಧಾಟಿಯಲ್ಲೇ ಹಾಡಿದರು. ಅವರ 1894ರ ನಿಘಂಟು ಇಂದು ಎಲ್ಲ ಕನ್ನಡಿಗರ ಆಸ್ತಿ.

ನಮ್ಮೂರ ಪಾಸ್ಟರರು ಶನಿವಾರ ರಾತ್ರಿ ಪ್ರಸಂಗ ಬರೆದು ಮೊದಲು ಹೆಂಡತಿಗೆ ಓದುತ್ತಿದ್ದರು. ಅವರಿಗೆ ತಿಳಿಯದ ಪದ ಹೊಡೆದುಹಾಕುತ್ತಿದ್ದರು. “ಕೃಪೆ ಅಂದರೆ ದುಡಿದ ಸಂಬಳವಲ್ಲ, ಅಪ್ಪ ಕೊಟ್ಟ ಉಡುಗೊರೆ” ಎಂದದ್ದು, ಸಂಬಳಕ್ಕಾಗಿ ಮನೆ ಬಿಟ್ಟ ನನಗೆ ಇನ್ನೂ ನೆನಪಿದೆ.

ಮೊನ್ನೆ ಆನ್ ಆರ್ಬರ್‌ನಿಂದ ತಂಗಿಯ ಫೋನು: “ಅಣ್ಣಾ, ಇಲ್ಲಿ ಪ್ರಸಂಗವೆಲ್ಲ ಇಂಗ್ಲಿಷ್. ಅಜ್ಜಿ ಪ್ರಾರ್ಥನೆ ಮಾಡಿದರೆ ಮಕ್ಕಳಿಗೆ ತಿಳಿಯುವುದಿಲ್ಲ.”

“ದಿನಾ ಐದು ನಿಮಿಷ ಅಜ್ಜಿಯ ಜೊತೆ ಮಾತಾಡಿಸು. ಡೋಸು ಚಿಕ್ಕದಾದರೂ ತಪ್ಪಿಸಬೇಡ” ಎಂದೆ.