31 ಅಂಕ ಸೋತಿತು, 8 ಅಂಕ ಗೆದ್ದಿತು!

ಊಟದ ಮೇಜಿನ ಮೇಲೆ ಇಸ್ಪೀಟಿನ ಕಟ್ಟು ಬಿಚ್ಚಿ ಬ್ರಿಜ್‌ನ ಒಂದೇ ಆಟವನ್ನು ನಾಲ್ಕನೇ ಸಲ ಆಡಿ ನೋಡಿದೆ. ಕಣ್ಣೆದುರೇ ನಡೆದರೂ ನಂಬಲಾಗುತ್ತಿಲ್ಲ!

ಪೂರ್ವದವನ ಕೈ ನೋಡಿ. ಇಸ್ಪೀಟಿನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ. ಆಟೀನಿನಲ್ಲೂ ಅವೇ ನಾಲ್ಕು. ಡೈಮಂಡಿನ ಎಕ್ಕ, ರಾಜ. ಕಳಾವರಿನ ರಾಜ, ಗುಲಾಮ, 9. ಇಂಥ ಕೈ ಬಂದರೆ ಯಾರ ಎದೆ ತಾನೇ ಡವಗುಟ್ಟದು? ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಬ್ರಿಜ್ ಆಡುವವರೆಲ್ಲ ಎಣಿಸುವಂತೆ ಎಣಿಸಿದರೆ ಕಟ್ಟಿನ 40 ಅಂಕಗಳಲ್ಲಿ 31 ಇವನ ಹತ್ತಿರವೇ ಇವೆ. ದಕ್ಷಿಣದವನ ಕೈಯಲ್ಲಿರುವುದು ಬರೀ 8: ರಾಣಿ ಮತ್ತು 8ರಿಂದ 2ರವರೆಗಿನವು ಸೇರಿ ಎಂಟು ಡೈಮಂಡ್, ಜೊತೆಗೆ ಕಳಾವರಿನ ಎಕ್ಕ, ರಾಣಿ, 10, 8, 4. ಅವನ ಜೊತೆಗಾರ ಉತ್ತರದವನದು ಸೊನ್ನೆ! ಆದರೂ ದಕ್ಷಿಣದವನು ಕಳಾವರನ್ನು ತುರುಪು ಮಾಡಿ ಏಳು ಕೂಗುತ್ತಾನೆ, ಅಂದರೆ ಎಲ್ಲ ಟ್ರಿಕ್ಕೂ ತನ್ನದೇ ಎನ್ನುತ್ತಾನೆ. ಹದಿಮೂರಕ್ಕೆ ಹದಿಮೂರು ಟ್ರಿಕ್ಕನ್ನೂ ಬಾಚಿಕೊಳ್ಳುತ್ತಾನೆ.

ಇಯಾನ್ ಫ್ಲೆಮಿಂಗ್ 1955ರ ‘ಮೂನ್‌ರೇಕರ್’ ಕಾದಂಬರಿಯಲ್ಲಿ ಹಂಚಿದ ಎಲೆಗಳಿವು. ಪೂರ್ವದಲ್ಲಿ ಕೂತ ಮೋಸಗಾರ ಡ್ರಾಕ್ಸ್‌ನನ್ನು ಕೆಡವಲು ದಕ್ಷಿಣದ ಜೇಮ್ಸ್ ಬಾಂಡ್ ಕಟ್ಟನ್ನು ಮೊದಲೇ ಜೋಡಿಸಿಟ್ಟಿರುತ್ತಾನೆ, ನಿಜ. ಆದರೆ ಎಲೆಗಳ ಲೆಕ್ಕ ಸುಳ್ಳಲ್ಲವಲ್ಲ!

ಹಾಗಾದರೆ ಅಂಕಗಳ ಕಣ್ಣಿಗೆ ಬೀಳದ್ದು ಯಾವುದು? ಕೈಯ ಆಕಾರ. ಅದನ್ನು ಕಾಣಿಸುವ ಇನ್ನೊಂದು ಎಣಿಕೆ 1930ರ ದಶಕದಲ್ಲಿ ಡಡ್ಲಿ ಕೋರ್ಟೆನಿ ಅವರಿಂದ ಪ್ರಚಾರಕ್ಕೆ ಬಂತು. ಇಲ್ಲಿ ಗೆಲ್ಲುವ ಎಲೆ ಬಿಟ್ಟು ಸೋಲುವ ಎಲೆ ಎಣಿಸಬೇಕು. ಪ್ರತಿ ಬಣ್ಣದಲ್ಲಿ ಮೇಲಿನ ಮೂರೇ ಎಲೆ ಲೆಕ್ಕಕ್ಕೆ; ಅವುಗಳಲ್ಲಿ ಎಕ್ಕ, ರಾಜ, ರಾಣಿ ಎಷ್ಟು ಇಲ್ಲವೋ ಅಷ್ಟು ಸೋಲು. ಆ ಬಣ್ಣವೇ ಇಲ್ಲದಿದ್ದರೆ ಸೊನ್ನೆ. ಇಬ್ಬರ ಸೋಲನ್ನೂ ಕೂಡಿಸಿ 24ರಿಂದ ಕಳೆದರೆ ಬರಬಹುದಾದ ಟ್ರಿಕ್ಕುಗಳು ಸಿಗುತ್ತವೆ. ಸಾಧಾರಣ ಆರಂಭದ ಕೂಗಿಗೆ ಏಳು ಸೋಲಿನ ಕೈ ಸಾಕು. ಜೊತೆಗಾರನ ಸೋಲೆಷ್ಟು ಎಂಬುದನ್ನು ಅವನ ಕೂಗಿನಿಂದಲೇ ಊಹಿಸಬೇಕು.

ಈಗ ಬಾಂಡ್‌ನ ಕೈ ಎಣಿಸಿ. ಇಸ್ಪೀಟು ಇಲ್ಲ, ಆಟೀನೂ ಇಲ್ಲ: ಸೊನ್ನೆ. ಡೈಮಂಡಿನಲ್ಲಿ ಎರಡು, ಕಳಾವರಿನಲ್ಲಿ ಒಂದು. ಒಟ್ಟು ಮೂರೇ! ಜೊತೆಗಾರನಿಗೆ ಡೈಮಂಡೇ ಇಲ್ಲ. ಉಳಿದ ಮೂರು ಬಣ್ಣಗಳಲ್ಲಿ ಮೂರು ಮೂರರಂತೆ ಒಂಬತ್ತು. 24ರಲ್ಲಿ 12 ಹೋದರೆ 12. ಅಂಕ ನೋಡುವವನು ಬಾಯಿ ಬಿಡಲೂ ಹೆದರುವ ಕೈಗಳಲ್ಲಿ ಹನ್ನೆರಡು ಟ್ರಿಕ್ಕು! ನನಗೆ ಮೈ ಜುಮ್ಮೆಂದದ್ದು ಇಲ್ಲಿ. ಹದಿಮೂರನೆಯದು, ಕಳಾವರಿನ ರಾಜ ಬಾಂಡ್‌ನ ಎಕ್ಕ-ರಾಣಿಯ ಬಾಯಿಗೇ ಸಿಗುವ ಜಾಗದಲ್ಲಿ ಕೂತಿರುವುದರಿಂದ ಬಂದದ್ದು.

ಇಬ್ಬರಿಗೂ ಸೇರಿ ತುರುಪಿನಲ್ಲಿ ಎಂಟು ಎಲೆಯಾದರೂ ಇದ್ದಾಗ ಮಾತ್ರ ಈ ಎಣಿಕೆ ನಂಬಿ. ತುರುಪಿಲ್ಲದ ಆಟಕ್ಕೆ ಅಂಕಗಳೇ ಸರಿ.

ನೀವೂ ಹಂಚಿ ನೋಡಿ. ಉತ್ತರಕ್ಕೆ ಇಸ್ಪೀಟು 10, 9, 8, 7. ಆಟೀನು 6, 5, 4, 3. ಕಳಾವರ್ 7, 6, 5, 3, 2. ಉಳಿದದ್ದು ಪಶ್ಚಿಮಕ್ಕೆ. ಮೊದಲ ಎಲೆ ಪಶ್ಚಿಮದವನದು, ಡೈಮಂಡ್ ಗುಲಾಮ.