ಹುಂಡಿ, ಕೊಪ್ಪಲು, ಪಾಳ್ಯ: ರಾಮಕೃಷ್ಣನಗರದ ನೆರೆಯ ಊರುಗಳ ಮೂಲವಿಚಾರ

ಮೈಸೂರು ನಗರದ ನೈಋತ್ಯ ದಿಕ್ಕಿನಲ್ಲಿರುವ ರಾಮಕೃಷ್ಣನಗರವು ಶ್ರೀ ರಾಮಕೃಷ್ಣ ಪರಮಹಂಸರ ಹೆಸರನ್ನು ಹೊತ್ತ ಬಡಾವಣೆ. ನೂಲು ಹಿಡಿದು ಎಳೆದಂತಿರುವ ಇಲ್ಲಿನ ಬೀದಿಗಳನ್ನು ಕಂಡವರಿಗೆ ಈ ನೆಲಕ್ಕೆ ಹಿಂದಣ ಚರಿತ್ರೆಯೇ ಇಲ್ಲವೆಂದು ತೋರುವುದು ಸಹಜ. ಆದರೆ ತುಸು ದೂರ ನಡೆದರೆ ಲಿಂಗಾಂಬುಧಿ ಕೆರೆಯ ಏರಿ ಎದುರಾಗುತ್ತದೆ. ಅದರ ಮಗ್ಗುಲಲ್ಲಿ ಲಿಂಗಾಂಬುಧಿಪಾಳ್ಯ, ಒಂದು ಕಡೆಗೆ ದಟ್ಟಗಳ್ಳಿ, ಶ್ರೀರಾಂಪುರದ ಕಡೆಗೆ ಪರಸಯ್ಯನಹುಂಡಿ. ಬಡಾವಣೆಗಳು ಬರುವ ಮುನ್ನ ಇವೆಲ್ಲವೂ ಬೇಸಾಯದ ಹಳ್ಳಿಗಳು. ಇವುಗಳಲ್ಲಿ ಮೊದಲು ನೆಲೆನಿಂತವರು ಯಾರು, ಅವರನ್ನು ಅರಿಯುವ ಬಗೆ ಯಾವುದು ಎಂಬುದು ಇಲ್ಲಿನ ವಿಚಾರ.

ಊರಿನ ಮೂಲವನ್ನು ಶಾಸನಗಳಲ್ಲಿ ಅರಸುವುದು ವಿದ್ವಾಂಸರ ರೂಢಿ. ಮೈಸೂರು ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ನಗರದ ಸಮೀಪದ ವರುಣದಲ್ಲಿ ಚಾಲುಕ್ಯ ವಂಶದ ಸಾಮಂತ ಗೊಗ್ಗಿಯ ಕಾಲದ ವೀರಗಲ್ಲುಗಳು ದೊರೆತಿದ್ದು, ಸಾವಿರ ವರ್ಷಗಳಿಗೂ ಹಿಂದೆಯೇ ಈ ಭಾಗದಲ್ಲಿ ಜನವಸತಿ ನೆಲೆಗೊಂಡಿತ್ತೆಂಬುದನ್ನು ಅವು ಖಚಿತಪಡಿಸುತ್ತವೆ. ಆದರೆ ಶಾಸನವು ದತ್ತಿ ಕೊಟ್ಟ ಅರಸನನ್ನು ಹೇಳುತ್ತದೆ, ದತ್ತಿ ಪಡೆದವನನ್ನು ಹೇಳುತ್ತದೆ, ಕಾದಿ ಮಡಿದ ವೀರನನ್ನು ಹೇಳುತ್ತದೆ. ಕಾಡು ಕಡಿದು ಮೊದಲ ಸಾಲು ಉತ್ತವನ ಹೆಸರನ್ನು ಹೇಳುವುದು ಅಪರೂಪ. ಅವನ ಹೆಸರನ್ನು ಕಾಪಾಡಿಕೊಂಡು ಬಂದಿರುವುದು ಊರಿನ ಹೆಸರೇ.

ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಹುಂಡಿ ಎಂದು ಕೊನೆಗೊಳ್ಳುವ ಊರುಗಳು ಹೇರಳ. ಹುಂಡಿಯೆಂದರೆ ಚಿಕ್ಕ ಊರು. ಕೊಪ್ಪಲು ಎಂಬುದೂ ಹೆಚ್ಚುಕಡಿಮೆ ಅದೇ ಅರ್ಥದ್ದು. ಇಂಥ ಊರುಗಳ ಹೆಸರಿನ ಪೂರ್ವಾರ್ಧದಲ್ಲಿ ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಹೆಸರಿರುವುದು ಗಮನಾರ್ಹ. ಪರಸಯ್ಯನಹುಂಡಿಯಲ್ಲಿ ಪರಸಯ್ಯ, ಸರಸ್ವತಿಪುರದ ಮಗ್ಗುಲ ಕನ್ನೇಗೌಡನ ಕೊಪ್ಪಲಿನಲ್ಲಿ ಕನ್ನೇಗೌಡ. ದೊಡ್ಡ ಊರಿನಿಂದ ಒಂದೆರಡು ಒಕ್ಕಲು ಬೇರೆಯಾಗಿ, ನೀರು ಮತ್ತು ಮೇವು ಕಂಡ ಕಡೆ ಗುಡಿಸಲು ಹಾಕಿದಾಗ ಅಕ್ಕಪಕ್ಕದವರು ಆ ಎಡೆಯನ್ನು ಮನೆಯ ಯಜಮಾನನ ಹೆಸರಿನಿಂದ ಕರೆಯುವುದು ಸ್ವಾಭಾವಿಕ. ಯಾವ ತಾಮ್ರಪಟಕ್ಕೂ ಏರದ ಒಕ್ಕಲಿಗನು ಹೀಗೆ ಜನರ ಬಾಯಲ್ಲಿ ಉಳಿದನು. ದಟ್ಟಗಳ್ಳಿಯ ಬಗೆ ಬೇರೆ. ದಟ್ಟವಾದ ಕಳ್ಳಿ ಎಂದು ಆ ಪದವನ್ನು ಬಿಡಿಸಿದರೆ ಸಂಧಿನಿಯಮಕ್ಕೆ ಸರಿಹೊಂದುತ್ತದೆ. ಹಾಗಾದಲ್ಲಿ ಅಲ್ಲಿ ಉಳಿದಿರುವುದು ಮನುಷ್ಯನ ಹೆಸರಲ್ಲ, ಅವನು ಬಂದಾಗ ಕಂಡ ನೆಲದ ರೂಪ.

ಇನ್ನು ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಕೃಷ್ಣವಿಲಾಸ ಸನ್ನಿಧಾನದ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಕೆರೆಯೇ ಲಿಂಗಾಂಬುಧಿ. ಮಹಾಲಿಂಗೇಶ್ವರನ ಗುಡಿಯೂ ಅದರೊಡನೆ ಎದ್ದಿತು. ಇದಾದ ಮೂರೇ ವರ್ಷಗಳಲ್ಲಿ, 1831ರಲ್ಲಿ, ರಾಜ್ಯದ ಆಡಳಿತವು ಮಹಾರಾಜರ ಕೈತಪ್ಪಿ ಆಂಗ್ಲರ ವಶವಾಯಿತು. ಕೆರೆ ಮಾತ್ರ ಉಳಿಯಿತು. ಕೆರೆಗಳಿಗೆ ಸಮುದ್ರವೆಂದು ಹೆಸರಿಡುವ ಕನ್ನಡ ನಾಡಿನ ಹಳೆಯ ಸಂಪ್ರದಾಯವೇ ಇಲ್ಲಿ ಅಂಬುಧಿಯಾಗಿದೆ.

ಈ ತೇದಿಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೆರೆಯ ಹೆಸರನ್ನು ಹೊತ್ತ ಲಿಂಗಾಂಬುಧಿಪಾಳ್ಯಕ್ಕೆ ಆ ಹೆಸರು 1828ಕ್ಕಿಂತ ಮುಂಚೆ ಇದ್ದಿರಲಾರದು. ಪಾಳ್ಯವೆಂದರೆ ಮೂಲತಃ ಬೀಡು, ಬಿಡಾರ. ಕೆರೆಯೊಂದು ಸಿದ್ಧವಾಯಿತೆಂದರೆ ಏರಿ, ತೂಬು, ಕೋಡಿ ಇಷ್ಟಕ್ಕೇ ಮುಗಿಯುವುದಿಲ್ಲ. ನೀರು ಹಂಚಲು ನೀರುಗಂಟಿ ಬೇಕು, ಅಚ್ಚುಕಟ್ಟಿನ ಗದ್ದೆಗೆ ಒಕ್ಕಲು ಬೇಕು, ಒಕ್ಕಲಿಗೆ ಬಡಗಿ, ಕಮ್ಮಾರ, ಕುಂಬಾರ, ಅಗಸ, ತೋಟಿ, ತಳವಾರರು ಬೇಕು. ಹಳೆಯ ಮೈಸೂರಿನ ಗ್ರಾಮಸಮಾಜವು ಬೆಳೆದದ್ದು ಈ ಕ್ರಮದಲ್ಲಿ. ಅರಸನು ಕೆರೆ ಕಟ್ಟಿಸಿದನೆಂದು ಬರೆಯುವಾಗ ಮಣ್ಣು ಹೊತ್ತ ಒಡ್ಡರನ್ನು ನಾವು ಮರೆಯುತ್ತೇವೆ. ಮೊದಲು ಬೀಡುಬಿಟ್ಟವರು ಅವರೇ ಅಲ್ಲವೇ?

ನೆಲೆನಿಂತ ಜನ ಊರಾಗುವುದು ಕರುಗಲ್ಲನ್ನು ನೆಟ್ಟಾಗ. ಊರು ಕಟ್ಟುವವರು ಊರಬಾಗಿಲಲ್ಲಿ ನಿಲ್ಲಿಸುವ, ಬರಿಯ ಒರಟು ಕಲ್ಲು ಅದು, ಅಕ್ಷರವಿಲ್ಲ, ಶಿಲ್ಪವಿಲ್ಲ. ದನಕರುಗಳಿಗೆ ರೋಗ ಬಂದಾಗ ಅದಕ್ಕೆ ಪೂಜೆ ಸಲ್ಲಿಸಿ ಅದರ ಮುಂದೆ ಜಾನುವಾರುಗಳನ್ನು ಹಾಯಿಸುವ ವಾಡಿಕೆ ಈ ಸೀಮೆಯಲ್ಲಿ ಇದೆ. ಊರಿನ ನಿಜವಾದ ಸ್ಥಾಪನಾಶಾಸನವೆಂದು ಹೇಳಬಹುದಾದುದು ಇದನ್ನೇ. ಪುರಾತತ್ತ್ವದ ಪಟ್ಟಿಗಳಲ್ಲಿ ಇದಕ್ಕೆ ಸ್ಥಳ ದೊರೆಯುವುದು ವಿರಳ.

ವೀರಶೈವ ಅಭ್ಯಾಸಿಗಳು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕಾಗುತ್ತದೆ. ಕಪಿಲಾ ತೀರದ ಸುತ್ತೂರು ಮಠದ ಪ್ರಭಾವವು ಶತಮಾನಗಳಿಂದ ವ್ಯಾಪಿಸಿರುವ ಪ್ರದೇಶವಿದು. ಕ್ರಿ.ಶ. 1399ರಲ್ಲಿ ಯದುರಾಯನಿಗೆ ನೆರವಾದವನು ಒಬ್ಬ ಜಂಗಮನೆಂದೂ, ಒಡೆಯರೆಂಬ ಬಿರುದಿಗೆ ಅದೇ ಕಾರಣವೆಂದೂ ಪ್ರತೀತಿಯುಂಟು. ಹೀಗಿರುವಾಗ ಪರಸಯ್ಯನಲ್ಲಿ 'ಅಯ್ಯ' ಕಂಡೊಡನೆ ಅವನನ್ನು ಜಂಗಮನೆನ್ನುವ, ಲಿಂಗಾಂಬುಧಿಯಲ್ಲಿ 'ಲಿಂಗ' ಕಂಡೊಡನೆ ಅದನ್ನು ವೀರಶೈವ ಕ್ಷೇತ್ರವೆನ್ನುವ ಆಸೆ ಹುಟ್ಟುತ್ತದೆ. ಅಯ್ಯ ಎಂಬುದು ಈ ಸೀಮೆಯ ಅನೇಕ ಜಾತಿಗಳಲ್ಲಿ ಬಳಕೆಯಲ್ಲಿರುವ ಗೌರವಪದ. ಲಿಂಗಾಂಬುಧಿಯ ಲಿಂಗವು ರಾಣಿಯ ಹೆಸರಿನ ಭಾಗ. ಇಷ್ಟರಿಂದಲೇ ಮೂಲನಿವಾಸಿಗಳ ಕುಲಮತಗಳನ್ನು ನಿರ್ಣಯಿಸುವುದು ಸಾಧುವಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ವರುಣ ಹೋಬಳಿಯ ಸಿದ್ದರಾಮನಹುಂಡಿ. ಅಲ್ಲಿನ ಆರಾಧ್ಯದೈವ ಸಿದ್ದರಾಮೇಶ್ವರ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿಯ ಹೆಸರನ್ನೇ ಇದು ನೆನಪಿಗೆ ತರುತ್ತದೆ. ಆದರೆ ಊರಿನಲ್ಲಿ ಹೆಚ್ಚಿನವರು ಕುರುಬರು. ಇಂಥ ಹೆಸರೊಂದು ಒಂದೇ ಜಾತಿಯ ಸೊತ್ತಾಗದೆ ದನಕುರಿ ಸಾಕಿ ಹೊಲ ಉಳುವವರ ಊರದೇವರಾಗಿ ನಿಂತಿತೆಂಬುದು ಜಾತಿಮೂಲದ ಹಕ್ಕುಸಾಧನೆಗಿಂತ ಎಷ್ಟೋ ಮೇಲಾದ ಚರಿತ್ರೆ. ಮಲೆಯ ಮಹದೇಶ್ವರ, ಮಂಟೇಸ್ವಾಮಿಯರ ಒಕ್ಕಲುಗಳು ಹಲವು ಜಾತಿಗಳಲ್ಲಿ ಹರಡಿರುವುದನ್ನೂ ಇದರೊಡನೆ ನೆನೆಯಬೇಕು.

ಮೈಸೂರಿನಲ್ಲಿ ನಗರಾಭಿವೃದ್ಧಿಗಾಗಿ ಮಂಡಲಿಯೊಂದು ಸ್ಥಾಪಿತವಾದುದು 1903ರಲ್ಲಿ. ಅಂದಿನಿಂದ ಬಡಾವಣೆಯ ಮೇಲೆ ಬಡಾವಣೆ ಎದ್ದು, ಹಳ್ಳಿಯ ಹೊಲಗಳು ನಿವೇಶನಗಳಾದವು. ಊರು ಬೆಳೆಯುವುದನ್ನು ತಡೆಯಲಾಗದು, ತಡೆಯಬೇಕಾದುದೂ ಇಲ್ಲ. ಹೊಸ ಬಡಾವಣೆಗೆ ಮಹಾಪುರುಷರ ಹೆಸರಿಡುವುದೂ ಉಚಿತವೇ. ಆದರೆ ಪಡುವಾರಹಳ್ಳಿಯು ವಿನಾಯಕನಗರವಾದಾಗ, ಹಳೆಯ ಊರು ತನ್ನ ಏಕೈಕ ದಾಖಲೆಯನ್ನೇ ಕಳೆದುಕೊಳ್ಳುವ ಅಪಾಯ ಒದಗುತ್ತದೆ. ಹೆಸರು ಬದಲಾಗದೆಯೂ ಇದು ಸಂಭವಿಸಬಹುದು. ಕನ್ನೇಗೌಡನ ಕೊಪ್ಪಲನ್ನು ಮೈಸೂರಿಗರು ಈಗ ಕೆ.ಜಿ. ಕೊಪ್ಪಲು ಎನ್ನುತ್ತಾರೆ. ಆ ಎರಡು ಅಕ್ಷರಗಳ ಹಿಂದೆ ಕನ್ನೇಗೌಡನೆಂಬವನೊಬ್ಬನು ಇದ್ದನೆಂಬುದನ್ನು ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಯಾರಾದರೂ ಹೇಳಿಕೊಡಬೇಕಾಗಿದೆ.